ಫೇರಿ ಆಮೇಲೆ, ಮೊದಲು ಬೆಣ್ಣೆ ವಿಷಯ ಕೇಳು

ಏನಪ್ಪಾ, ಹೇಗಿದ್ದೀಯ,

ನೀನು ಕಳಿಸಿದ ಐರ್ಲೆಂಡಿನ ಕ್ಲೇರ್ ಕೌಂಟಿ ಲೇಖನ ಎರಡು ಸಲ ಓದಿದೆ. ಮಂಜು, ಹಸಿರು ಗುಡ್ಡ, ಫೇರಿಗಳು ಅಂತ ಶುರು ಮಾಡಿದ್ಯಲ್ಲ, ಅದು ಏರ್‌ಪೋರ್ಟಲ್ಲಿ ಪುಕ್ಕಟೆ ಸಿಗೋ ಬ್ರೋಷರ್ ಕಣೋ, ಅದನ್ನ ಬರೆಯೋಕೆ ನೀನೇ ಬೇಕಾ.

ಅಲ್ಲಿನ ಲಟೂನ್ ಅನ್ನೋ ಜಾಗದ ಮುಳ್ಳುಗಿಡದ್ದಂತೂ ಎರಡೇ ಸಾಲು, ಮೂಢನಂಬಿಕೆ ಅಂತ ಹಣೆಪಟ್ಟಿ ಹಚ್ಚಿ ಮುಗಿಸಿದ್ದೀಯ. 1999ರಲ್ಲಿ ಅಲ್ಲಿ ಹೈವೇ ಬರೋವಾಗ ಕಥೆ ಹೇಳೋ ಎಡ್ಡಿ ಲೆನಿಹನ್ ಆ ಒಂಟಿ ಗಿಡ ಕಡೀಬೇಡಿ ಅಂತ ಹಠ ಹಿಡಿದ್ರು, ಮನ್‌ಸ್ಟರ್ ಪ್ರಾಂತ್ಯದ ಕಡೆಯವರು ಕನಾಕ್ಟ್ ಪ್ರಾಂತ್ಯದವರ ಮೇಲೆ ಯುದ್ಧಕ್ಕೆ ಹೊರಟಾಗ ಸೇರೋ ಜಾಗ ಅದು ಅಂತ, ಕೊನೆಗೆ ಗಿಡ ಉಳೀತು. ಆ "ಕಡೆಯವರು" ಯಾರು ಅಂತ ನೀನು ಕೇಳಲೇ ಇಲ್ಲ. ಹಳಬರ ಬಾಯಲ್ಲಿ ಫೇರಿ ಅನ್ನೋ ಪದ ಸುಲಭಕ್ಕೆ ಬರಲ್ಲ, "ಒಳ್ಳೇ ಜನ" ಅಂತಾರೆ, ಇಲ್ಲಾ ಬರೀ "ಅವ್ರು". ರಾತ್ರಿ ಹೊತ್ತು ಹಾವು ಅನ್ನದೆ ಹುಳ ಅಂತಾರಲ್ಲ ನಮ್ಮಲ್ಲಿ, ಹಾಗೆ.

1937ರಿಂದ 39ರವರೆಗೆ ಜಾನಪದ ಸಂಗ್ರಹಿಸೋ ಐರಿಷ್ ಫೋಕ್‌ಲೋರ್ ಕಮಿಷನ್‌ನವರು ಸುಮಾರು 5000 ಶಾಲೆಗಳ ಮಕ್ಕಳ ಕೈಲಿ ಊರಿನ ಸಂಗತಿ ಬರೆಸಿದ್ರು, ಅಜ್ಜ ಅಜ್ಜಿ ಪಕ್ಕದ ಮನೆಯವರು ಎಲ್ಲರನ್ನೂ ಕೇಳಿ ಬರ್ಕೊಂಡು ಬಂದಿದ್ದು, ಒಟ್ಟು ಸುಮಾರು 7 ಲಕ್ಷ 40 ಸಾವಿರ ಪುಟ, ಆನ್‌ಲೈನಲ್ಲೇ ಇದೆ. ನಿನ್ನ ಕೌಂಟಿದು ತೆಗೆದು ಬೆಣ್ಣೆ ಕಡಿಯೋದರ ಬಗ್ಗೆ ಬರೆದಿರೋದು ಓದು. ನಮ್ಮಂಗೆ ಹಗ್ಗ ಎಳೆಯೋ ಕಡೆಗೋಲಲ್ಲ, ಎತ್ತರದ ಮರದ ಪೀಪಾಯಿಗೆ ಉದ್ದ ಕೋಲು ಇಳಿಸಿ ಮೇಲೆ ಕೆಳಗೆ ಕುಟ್ಟೋದು, ಆ ಹೊತ್ತಿಗೆ ಯಾರೇ ಒಳಗೆ ಬಂದ್ರೂ ಕೋಲು ಹಿಡಿದು ಒಂದಿಷ್ಟು ಕುಟ್ಟಿಯೇ ಹೋಗ್ಬೇಕಿತ್ತು, ಇಲ್ಲಾಂದ್ರೆ ಬೆಣ್ಣೆ ಅವರ ಹಿಂದೆ ಹೋಗುತ್ತೆ ಅಂತ ನಂಬಿಕೆ. ಆ ಹೊತ್ತಲ್ಲಿ ಪೈಪ್ ಹಚ್ಚೋಕೆ ಕೆಂಡ ಕೇಳಿದ್ರೂ ಕೊಡ್ತಿರಲಿಲ್ಲ. ಇದನ್ನ ನೀನು ಮಾಟ ಅಂತ ಬರೆದೆ, ಆದ್ರೆ ಆಗ ಎಷ್ಟೋ ಮನೇಲಿ ಗೇಣಿ ಕಟ್ಟೋಕೆ ಆ ಬೆಣ್ಣೆ ಮಾರಿದ ದುಡ್ಡೇ ಆಧಾರವಾಗಿತ್ತು, ಒಂದು ದಿನ ಬೆಣ್ಣೆ ಬರಲಿಲ್ಲ ಅಂದ್ರೆ ಯಾರ ಮೇಲಾದ್ರೂ ಅನುಮಾನ ಬಂದೇ ಬರುತ್ತೆ.

ನಾನೂ ಎಡವಿದ್ದೀನಿ ಬಿಡು. ಅಲ್ಲಿ ಮಗಳ ಮನೇಲಿದ್ದಾಗ ಪಕ್ಕದ ರೈತರ ಹತ್ರ ನೋಟ್‌ಬುಕ್ ಹಿಡ್ಕೊಂಡು ಹೋಗಿ ಮೊದಲೇ ದೆವ್ವದ ಕಥೆ ಕೇಳಿದೆ, ಅವರು ಪೂರ್ತಿ ಒಂದು ಗಂಟೆ ಮಳೆ ಬಗ್ಗೆ ಹೇಳಿ ಟೀ ಕೊಟ್ಟು ಕಳಿಸಿದ್ರು. ಆಮೇಲೆ ಒಂದಿನ ಅವರ ಜತೆ ಟರ್ಫ್, ಅಂದ್ರೆ ಒಲೆಗೆ ಉರಿಸೋಕೆ ಜೌಗು ನೆಲದಿಂದ ಕಡಿಯೋ ಹೆಂಟೆ, ನಿಲ್ಲಿಸೋಕೆ ಹೋದೆ. ಕಡಿದು ಹಾಕಿರೋ ಹಸಿ ಟರ್ಫನ್ನ ನಾಲ್ಕೈದು ಒಂದಕ್ಕೊಂದು ಆನಿಸಿ ನಿಲ್ಲಿಸ್ಬೇಕು, ಗಾಳಿಯಾಡಿ ಒಣಗ್ಲಿ ಅಂತ, ಫೂಟಿಂಗ್ ಅಂತಾರೆ, ಅರ್ಧ ಗಂಟೆಗೆ ನನ್ನ ಸೊಂಟ ಕಳಚಿಬಿತ್ತು. ಅವರು ಬಗ್ಗಿಕೊಂಡೇ ಆಚೆ ಹೊಲದಲ್ಲಿರೋ, "ಅವ್ರ" ಜಾಗ ಅಂತ ಹೇಳೋ ದುಂಡು ದಿಬ್ಬ ತೋರಿಸಿ, ನಮ್ಮಪ್ಪ ಅದನ್ನ ಉಳಲಿಲ್ಲ ನಾನೂ ಉತ್ತಿಲ್ಲ ಅಂದ್ರು. ಅದನ್ನೆಲ್ಲ ನಂಬ್ತೀರಾ ಅಂದೆ. ಇಲ್ಲಪ್ಪ ಅಂದ್ರು. ಮತ್ತೆ ಉಳಬಹುದಲ್ಲ ಅಂದಿದ್ದಕ್ಕೆ ನನ್ನ ಮುಖ ನೋಡಿ ಇನ್ನೊಂದು ಟರ್ಫ್ ಎತ್ತಿ ಆನಿಸಿದ್ರು.

ಲೇಖನ ತಿದ್ದಿ ಕಳ್ಸು, ಆತುರ ಇಲ್ಲ.

ಇಂತಿ,
ನಿನ್ನ ಮೇಷ್ಟ್ರು