ಏಳನೇ ತರಗತಿ ಮಕ್ಕಳ ದಿನಚರಿ ಪುಸ್ತಕದ ಬಗ್ಗೆ

ಮಾನ್ಯ ಪೋಷಕರೇ, ನಮಸ್ಕಾರ.

ಈ ವಾರ ನಿಮ್ಮ ಮಗು ಮನೆಗೆ ಒಂದು ಹೊಸ ನೋಟ್‌ಬುಕ್ ತರುತ್ತದೆ. ಅದು ಹೋಂವರ್ಕಿಗಲ್ಲ. ಬಿಸಿಲೋ ಮಳೆಯೋ, ಯಾವ ಮರ ಚಿಗುರಿತು, ಯಾವ ಹಕ್ಕಿ ಬಂತು ಅಂತ ದಿನಾ ಎರಡು ಸಾಲು ಬರೆದರೆ ಸಾಕು. ತಾರೀಖು ಮಾತ್ರ ಬಿಡಬಾರದು.

ಇದು ಹಳೆಯ ಪದ್ಧತಿ. ಇಂಗ್ಲೆಂಡಿನಲ್ಲಿ ಡೇನ್ಸ್ ಬ್ಯಾರಿಂಗ್ಟನ್ ಎಂಬ ವಕೀಲರಿದ್ದರು. 1727ರಲ್ಲಿ ಹುಟ್ಟಿದವರು, ಮುಂದೆ ನ್ಯಾಯಾಧೀಶರೂ ಆದರು. ಗಾಳಿ, ಮಳೆ, ಎಲೆ, ಹೂವು, ಹಕ್ಕಿಗೆ ಬೇರೆ ಬೇರೆ ಕಾಲಂ ಇರುವ ಪುಸ್ತಕವೊಂದನ್ನು ಅವರು ರೂಪಿಸಿದರು. ಗಿಲ್ಬರ್ಟ್ ವೈಟ್ ಎಂಬ ಹಳ್ಳಿಯ ಪಾದ್ರಿ ಅದನ್ನು 1768ರಲ್ಲಿ ತುಂಬಲು ಶುರು ಮಾಡಿ, 1793ರಲ್ಲಿ ತೀರಿಕೊಳ್ಳುವವರೆಗೂ ಬಿಡಲಿಲ್ಲ. ಇಪ್ಪತ್ತೈದು ವರ್ಷ!

ಬ್ಯಾರಿಂಗ್ಟನ್ ಅವರ ಕೆಲಸದಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಎರಡು. ಗೂಡಿನ ಎಳೇ ಮರಿಗಳನ್ನು ಬೇರೆ ಜಾತಿಯ ಹಾಡುಹಕ್ಕಿಗಳ ಜೊತೆ ಬೆಳೆಸಿ ನೋಡಿದರು. ಮರಿಗಳು ತಮ್ಮ ಜಾತಿಯ ಹಾಡು ಬಿಟ್ಟು, ಪಕ್ಕದಲ್ಲಿ ಕೇಳಿದ ಹಾಡನ್ನೇ ಕಲಿತವು. 1773ರಲ್ಲಿ ಇದು ಅಚ್ಚಾಯಿತು. ಇನ್ನೊಂದು, ಕಾರ್ನಿಷ್ ಎಂಬ ನುಡಿ ಅಳಿಯುತ್ತಿದೆ ಎಂದು ತಿಳಿದು, ಅದನ್ನು ಆಡುವವರನ್ನು ಹುಡುಕಿಕೊಂಡು ಕಡಲ ದಂಡೆಯ ಊರಿಗೆ ಹೋದರು. ಡಾಲಿ ಪೆಂಟ್ರೀತ್ ಎಂಬ ಮೀನು ಮಾರುವ ಅಜ್ಜಿಯ ಮಾತು ಕೇಳಿ, ಆ ಭೇಟಿಯನ್ನು ಬರೆದಿಟ್ಟರು.

ಅವರೂ ತಪ್ಪಿದ್ದುಂಟು. ಅಂಬರಗುಬ್ಬಿಗಳು ಚಳಿಗಾಲದಲ್ಲಿ ದೂರದೇಶಕ್ಕೆ ಹೋಗುವುದಿಲ್ಲ, ಅಲ್ಲೇ ಎಲ್ಲೋ ಅಡಗಿ ಮಲಗುತ್ತವೆ ಎಂದು ವಾದಿಸಿದರು. ಚಳಿಗಾಲದಲ್ಲಿ ದೂರದಿಂದ ಬಂದು ನಮ್ಮ ಗದ್ದೆಬಯಲಿನ ಮೇಲೆ ಹಾರುವ ಅಂಬರಗುಬ್ಬಿಗಳನ್ನು ನೀವೇ ನೋಡಿದ್ದೀರಿ ಅಲ್ವಾ? ಇಂಥ ತಪ್ಪು ತಿದ್ದಲು ನೆರವಾಗುವುದು ತಾರೀಖು ಹಾಕಿ ಬರೆದಿಟ್ಟವರ ಪುಸ್ತಕಗಳು.

ನಮ್ಮ ಮದ್ದೂರು ತಾಲ್ಲೂಕಿನಲ್ಲಿ ಬರೆಯಲು ಏನು ಕಮ್ಮಿ? ಕೊಕ್ಕರೆ ಬೆಳ್ಳೂರಿನ ಹುಣಸೆ ಮರಗಳಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಮನೆಗಳ ನಡುವೆಯೇ ಗೂಡು ಕಟ್ಟುತ್ತವೆ. ನಾಲೆಗೆ ನೀರು ಬಿಟ್ಟ ದಿನವೂ ಬರೆಯುವಂಥದ್ದೇ. ನಮ್ಮಜ್ಜ ಕೆರೆ ಕೋಡಿ ಬಿದ್ದ ವರ್ಷಗಳನ್ನೆಲ್ಲ ಬಾಯಲ್ಲೇ ಹೇಳುತ್ತಿದ್ದರು. ನಾನು ಒಂದನ್ನೂ ಬರೆದಿಡಲಿಲ್ಲ. ಈಗ ಕೇಳೋಣವೆಂದರೆ ಅವರಿಲ್ಲ. ಆ ಬೇಸರ ಇನ್ನೂ ಹೋಗಿಲ್ಲ.

ಹೋದ ವರ್ಷ ಕೆಲವು ಮನೆಗಳಲ್ಲಿ ಒಂದೇ ರಾತ್ರಿ ಕೂತು ತಿಂಗಳದ್ದೆಲ್ಲ ತುಂಬಿಸಿದ್ದರು. ದಯವಿಟ್ಟು ಹಾಗೆ ಮಾಡಬೇಡಿ. ಬರೆಯದ ದಿನ ಖಾಲಿ ಇರಲಿ. ಅಕ್ಷರ ತಪ್ಪಿದರೂ ಬೈಯಬೇಡಿ. ಹಕ್ಕಿಗೆ ನಿಮ್ಮೂರಲ್ಲಿ ಏನು ಹೆಸರಿದೆಯೋ ಅದನ್ನೇ ಬರೆಯಲಿ. ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ವಾರಕ್ಕೊಮ್ಮೆ ಮಗುವನ್ನು ಸುಮ್ನೆ ಅವರ ಹತ್ತಿರ ಕೂರಿಸಿ.

ತಿಂಗಳ ಕೊನೆಯ ಶನಿವಾರ ಮಕ್ಕಳು ತಮ್ಮ ಪುಟಗಳನ್ನು ಓದುತ್ತಾರೆ. ಬೆಳಗ್ಗೆ ಒಂಬತ್ತಕ್ಕೆ ಬನ್ನಿ, ಹಿರಿಯರನ್ನೂ ಕರೆತನ್ನಿ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ