ಟೋಪಿ ಅಂದುಕೊಂಡು ಹಲ್ಲು ಕಳೆದುಕೊಂಡೆ

ಮಾನ್ಯ ಸಂಪಾದಕರೇ,

ಕಳೆದ ವಾರದ ನಿಮ್ಮ ಪುರವಣಿಯಲ್ಲಿ ನಗುವಿನ ಅಂದದ ಬಗ್ಗೆ ಒಂದು ಪುಟ ಬಂದಿತ್ತು. ಹಲ್ಲು ಬೆಳ್ಳಗೆ ಮಾಡಿಸುವುದು, ಸಂದು ಮುಚ್ಚಿಸುವುದು, ಇವುಗಳ ಸಾಲಿನಲ್ಲೇ ಹಲ್ಲಿಗೆ ಕ್ಯಾಪ್, ಅಂದರೆ ಹಲ್ಲನ್ನು ಪೂರಾ ಮುಚ್ಚುವ ಕವಚ, ಹಾಕಿಸುವುದನ್ನೂ ಸೇರಿಸಿದ್ದೀರಿ. ಮುಂದಿನ ಹಲ್ಲಿನ ಮಟ್ಟಿಗೆ ಅದು ಸರಿ ಇರಬಹುದು. ಆದರೆ ಓದುತ್ತಿದ್ದ ಹಾಗೆ ನನ್ನ ನಾಲಿಗೆ ತಾನಾಗಿಯೇ ಎಡ ದವಡೆಯ ಖಾಲಿ ಜಾಗಕ್ಕೆ ಹೋಯಿತು. ಕ್ಯಾಪ್ ಅಂದರೆ ಶೋಕಿ ಅಂದುಕೊಂಡೇ ನಾನು ಅಲ್ಲಿದ್ದ ಹಲ್ಲು ಕಳೆದುಕೊಂಡಿದ್ದು.

ನಾನು 31 ವರ್ಷ ಲೇತ್ ಮೇಲೆ, ಅಂದರೆ ಲೋಹವನ್ನು ತಿರುಗಿಸಿ ಕಡೆಯುವ ಯಂತ್ರದ ಮೇಲೆ, ಟರ್ನರ್ ಆಗಿ ದುಡಿದವನು. ಹಲ್ಲಿನ ವಿದ್ಯೆ ನನ್ನದಲ್ಲ. ಆದರೆ ತೆಳು ಗೋಡೆಯ ವಸ್ತು ಎಲ್ಲಿ ಸೀಳುತ್ತದೆ, ಯಾವಾಗ ಸೀಳುತ್ತದೆ ಅನ್ನುವುದು ನನಗೆ ಚೆನ್ನಾಗಿ ಗೊತ್ತಿರಬೇಕಾಗಿತ್ತು. ಅದಕ್ಕೇ ಹೊಟ್ಟೆ ಉರಿಯೋದು.

ಅದು ಕೆಳಗಿನ ಎಡಗಡೆಯ ಮೊದಲ ದವಡೆ ಹಲ್ಲು. ಆರನೇ ವಯಸ್ಸಿನ ಹೊತ್ತಿಗೆಲ್ಲ ಹುಟ್ಟುವ ಹಲ್ಲು ಇದು. ಹಾಲುಹಲ್ಲಿರಬೇಕು, ಬಿದ್ದು ಬೇರೆ ಬರುತ್ತೆ ಅಂತ ಮನೆಯವರು ಅಸಡ್ಡೆ ಮಾಡುವುದೂ ಉಂಟು. ನನ್ನದೂ ಹಾಗೇ ಹುಳುಕಾಗಿ, ಎರಡು ಸಲ ಫಿಲ್ಲಿಂಗ್ ಆಗಿ, ಕೊನೆಗೆ ರಾತ್ರಿಯೆಲ್ಲ ನಿದ್ದೆ ಕೆಡಿಸಿತು. ರೂಟ್ ಕೆನಾಲ್ ಮಾಡಿದರು, ಅಂದರೆ ಹಲ್ಲಿನೊಳಗಿನ ನರ ತೆಗೆದು ಆ ಜಾಗ ತುಂಬಿದರು. ಮೂರನೇ ಸಲ ಕುರ್ಚಿಯಿಂದ ಎದ್ದಾಗ ನೋವು ಪೂರಾ ಮಾಯ. ಬಾಗಿಲ ಹತ್ತಿರ ಬಂದಾಗ ಡಾಕ್ಟರು, "ಕ್ಯಾಪ್ ಹಾಕಿಸಿಕೊಂಡರೆ ಒಳ್ಳೆಯದು" ಅಂದರು.

ಈ "ಒಳ್ಳೆಯದು" ಅನ್ನುವ ಮಾತಿನ ಮೇಲೆ ನನಗೆ ಈಗಲೂ ಕೋಪವಿದೆ. ವಾಕಿಂಗ್ ಮಾಡಿದರೆ ಒಳ್ಳೆಯದು, ಬೇಗ ಮಲಗಿದರೆ ಒಳ್ಳೆಯದು. ನಾವು ಇದೆಲ್ಲ ಮಾಡ್ತೀವಾ? "ಹಾಕಿಸದಿದ್ದರೆ ಈ ಹಲ್ಲು ಸೀಳಬಹುದು" ಅಂದಿದ್ದರೆ ನಿಂತು ಕೇಳುತ್ತಿದ್ದೆ. ಮನೆಗೆ ಬಂದು ಹೇಳಿದರೆ ನನ್ನ ತಮ್ಮ ನಕ್ಕುಬಿಟ್ಟ. "ನೋವು ಹೋಯ್ತಲ್ಲಣ್ಣ, ಇನ್ನು ನಿಂಗೆ ಟೋಪಿ ಹಾಕ್ತಾರೆ, ಹುಷಾರು" ಅಂದ. ನಾನೂ ನಕ್ಕೆ. ಹಾಗೆ ನಗುತ್ತಾ 14 ತಿಂಗಳು ಕಳೆದೆ.

ಒಂದು ರಾತ್ರಿ ಊಟಕ್ಕೆ ಕೂತಿದ್ದೆ. ಬಾಯಲ್ಲಿದ್ದದ್ದು ಮೆತ್ತನೆಯ ತುತ್ತು. ಟಕ್ ಅಂತ ಸದ್ದಾಯಿತು, ಎದುರು ಕೂತಿದ್ದ ಹೆಂಡತಿಗೂ ಕೇಳಿಸಿತು. ಮಾರನೇ ದಿನ ಎಕ್ಸ್‌ರೇ ತೆಗೆಸಿ, ಹಲ್ಲನ್ನು ಅಲ್ಲಾಡಿಸಿ ನೋಡಿದರು. ನೆತ್ತಿಯಿಂದ ಬೇರಿನವರೆಗೆ ಎರಡು ಹೋಳು. ಬಿರುಕು ಎಲುಬಿನ ಒಳಗೆ ಇಳಿದಿತ್ತು. ಅಷ್ಟು ಕೆಳಗೆ ಹೋದರೆ ಕ್ಯಾಪ್ ಹಾಕಿಯೂ ಪ್ರಯೋಜನವಿಲ್ಲ, ಕೀಳಲೇಬೇಕು ಅಂದರು. ಕಿತ್ತರು.

ಆಮೇಲೆ ಕೂತು ಯೋಚಿಸಿದಾಗ ಎಲ್ಲ ಸ್ಪಷ್ಟವಾಯಿತು. ಹುಳುಕು ಕೆರೆದು, ನರಕ್ಕೆ ದಾರಿ ಮಾಡಿ, ಹಲ್ಲಿನ ನಡುಭಾಗವೆಲ್ಲ ಹೋಗಿರುತ್ತದೆ. ಸುತ್ತ ತೆಳು ಗೋಡೆ ನಿಂತಿರುತ್ತದೆ, ಒಳಗೆ ಫಿಲ್ಲಿಂಗ್. ಅಗಿಯುವಾಗ ಮೇಲಿನ ಹಲ್ಲಿನ ಮೊನೆ ಕೆಳಗಿನ ಹಲ್ಲಿನ ಇಳಿಜಾರಿನ ಮೇಲೆ ಬಂದು ಒತ್ತುತ್ತದೆ. ಸೌದೆಗೆ ಬೆಣೆ ಹೊಡೆದ ಹಾಗೆ ಗೋಡೆಗಳನ್ನು ಹೊರಗೆ ತಳ್ಳುತ್ತದೆ. ದಿನಕ್ಕೆ ನೂರಾರು ಸಲ. ಬೆಣೆ ಹೊಡೆದರೆ ಸೀಳದೆ ಇನ್ನೇನಾಗುತ್ತೆ?

ಅರಕ್ಕೆ ಮರದ ಹಿಡಿ ಹಾಕುವಾಗ ತುದಿಗೆ ಒಂದು ಲೋಹದ ಬಳೆ ಬಿಗಿಯುತ್ತೇವೆ, ಮರ ಸೀಳಬಾರದು ಅಂತ. ಅದಕ್ಕೆ ಫೆರೂಲ್ ಅನ್ನುತ್ತಾರೆ. ಹಲ್ಲಿನ ಡಾಕ್ಟರುಗಳೂ ಅದೇ ಮಾತು ಬಳಸುತ್ತಾರೆ ಅಂತ ನನಗೆ ಗೊತ್ತಾಗಿದ್ದು ಎರಡನೇ ಹಲ್ಲಿನ ಹೊತ್ತಿಗೆ. ಒಸಡಿನ ಮೇಲೆ ಸುತ್ತಲೂ ಸುಮಾರು 2 ಮಿಲಿಮೀಟರ್ ಗಟ್ಟಿ ಹಲ್ಲು ಉಳಿದಿದ್ದು, ಕ್ಯಾಪ್ ಅದನ್ನು ಬಳೆಯ ಹಾಗೆ ತಬ್ಬಿಕೊಳ್ಳಬೇಕು. ಆಗಲೇ ಅದು ಬಾಳಿಕೆ ಬರುವುದು. ಇಷ್ಟು ಕೇಳಿದ ಮೇಲೆ ಅದನ್ನು ಟೋಪಿ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಎರಡನೇ ಹಲ್ಲು ಬಲಗಡೆಯದು, ಅದೇ ಜಾಗದ ಜೋಡಿ. ರೂಟ್ ಕೆನಾಲ್ ಮುಗಿದ ಎರಡೇ ವಾರಕ್ಕೆ ನಾನೇ ಹೋಗಿ ಕೂತೆ. ಕ್ಯಾಪ್ ಕೂರಲು ಜಾಗ ಬೇಕಲ್ಲ, ಹಲ್ಲನ್ನು ಮೇಲಿನಿಂದ ಒಂದೂವರೆ ಮಿಲಿಮೀಟರ್, ಪಕ್ಕದಲ್ಲಿ ಒಂದು ಮಿಲಿಮೀಟರ್‌ನಷ್ಟು ತೇಯುತ್ತಾರೆ. ತೇಯುವ ಯಂತ್ರ ನಿಮಿಷಕ್ಕೆ 3 ಲಕ್ಷಕ್ಕೂ ಜಾಸ್ತಿ ಸುತ್ತು ತಿರುಗುತ್ತದಂತೆ. ನನ್ನ ಲೇತ್ 2,000 ದಾಟುತ್ತಿರಲಿಲ್ಲ! ಜೊತೆಗೆ ನೀರು ಚಿಮ್ಮುತ್ತಲೇ ಇರುತ್ತದೆ, ಹಲ್ಲು ಕಾಯಬಾರದು ಅಂತ. ಪಕ್ಕಗಳಿಗೆ ಸ್ವಲ್ಪವೇ ಟೇಪರ್, ಅಂದರೆ ಮೇಲಕ್ಕೆ ಹೋದ ಹಾಗೆ ಕಿರಿದಾಗುವ ಓರೆ, ಕೊಡುತ್ತಾರೆ. ಟೇಪರ್ ಜಾಸ್ತಿಯಾದರೆ ಹಿಡಿತ ಹೋಗುತ್ತದೆ, ಇದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಚ್ಚು ತೆಗೆದುಕೊಂಡರು. ಲ್ಯಾಬಿನಿಂದ ಕ್ಯಾಪ್ ಬರುವವರೆಗೆ ಪ್ಲಾಸ್ಟಿಕ್ಕಿನದೊಂದು ತಾತ್ಕಾಲಿಕ ಕ್ಯಾಪ್ ಕೂರಿಸಿದರು.

ಯಾವುದರಲ್ಲಿ ಮಾಡಿಸೋಣ ಅಂತ ಕೇಳಿದಾಗ ಪೂರಾ ಲೋಹದ್ದೇ ಸಾಕು ಅಂದೆ. ಅದಕ್ಕೆ ಹಲ್ಲನ್ನು ಕಡಿಮೆ ತೇಯ್ದರೆ ಸಾಕು. ಲೋಹದ ಮೇಲೆ ಪಿಂಗಾಣಿ ಹಾಕಿದ್ದರಲ್ಲಿ ಪಿಂಗಾಣಿ ಚಕ್ಕೆ ಏಳುವುದುಂಟು. ಒಸಡು ಸರಿದರೆ ಅಂಚಿನಲ್ಲಿ ಕಪ್ಪು ಗೆರೆಯೂ ಕಾಣಬಹುದು. ಜಿರ್ಕೋನಿಯಾ ಅನ್ನುವ ಬಿಳಿ ಸೆರಾಮಿಕ್ ಗಟ್ಟಿ, ಬಣ್ಣವೂ ಹಲ್ಲಿನದೇ, ನೋಟ ಮುಖ್ಯ ಅನ್ನುವವರಿಗೆ ಸರಿ. ಅಷ್ಟು ಹಿಂದಿನ ನನ್ನ ಹಲ್ಲನ್ನು ಯಾರು ನೋಡಬೇಕು? ಹೆಂಡತಿ ಮಾತ್ರ, "ಆಕಳಿಸುವಾಗ ಬಾಯಿಗೆ ಕೈ ಅಡ್ಡ ಇಟ್ಕೊಳ್ರೀ, ಅಷ್ಟೆ" ಅಂದಳು.

ಕ್ಯಾಪ್ ಕೂರಿಸಿದ ದಿನ ಬಾಯಿಗೆ ಒಂದು ನೀಲಿ ಕಾಗದ ಕೊಟ್ಟು ಕಚ್ಚಿ ಅಂದರು. ನನಗೆ ವರ್ಕ್‌ಶಾಪೇ ನೆನಪಾಯಿತು. ಎರಡು ಮುಖ ಹೊಂದಿಸುವಾಗ ನಾವೂ ನೀಲಿ ಬಳಿಯುತ್ತಿದ್ದೆವು. ಎಲ್ಲಿ ಉಬ್ಬಿದೆಯೋ ಅಲ್ಲಿ ಬಣ್ಣ ಹತ್ತುತ್ತದೆ, ಅಲ್ಲಷ್ಟೇ ಕೆರೆಯಬೇಕು. ಆದರೂ ಮನೆಗೆ ಬಂದ ಮೇಲೆ ಬಾಯಿ ಮುಚ್ಚಿದಾಗಲೆಲ್ಲ ಆ ಹಲ್ಲೇ ಮೊದಲು ತಗಲುತ್ತಿತ್ತು. ಸರಿಹೋಗುತ್ತೆ ಅಂತ ಸುಮ್ನಿರದೆ ಮಾರನೇ ದಿನವೇ ವಾಪಸ್ ಹೋದೆ. ಒಂದೇ ಒಂದು ನೀಲಿ ಚುಕ್ಕೆ. ಕೂದಲೆಳೆಗಿಂತ ಕಡಿಮೆ ತೆಗೆದಿರಬೇಕು, ತಕ್ಷಣ ಸರಿಯಾಯಿತು. ನರ ತೆಗೆದ ಹಲ್ಲಿಗೆ ಅಷ್ಟು ಸಣ್ಣ ವ್ಯತ್ಯಾಸ ಗೊತ್ತಾಗುವುದು ಹೇಗೆ ಅಂತ ಕೇಳಿದೆ. ಬೇರಿನ ಸುತ್ತ ಹಲ್ಲನ್ನು ಎಲುಬಿಗೆ ಕಟ್ಟಿ ಹಿಡಿದಿರುವ ನಾರುಗಳಿವೆಯಂತೆ. ಒತ್ತಡ ತಿಳಿಯುವುದು ಅವಕ್ಕೆ. ಅವನ್ನು ಯಾರೂ ತೆಗೆದಿಲ್ಲವಲ್ಲ. ಮೈಕ್ರೋಮೀಟರ್ ಹಿಡಿದು ಬದುಕಿದ ನನಗೆ ಆ ಅಳತೆ ಕಂಡು ನಾಚಿಕೆಯಾಯಿತು.

ಎಲ್ಲ ಹಲ್ಲಿಗೂ ಕ್ಯಾಪ್ ಬೇಕು ಅಂತ ನಾನು ಹೇಳುತ್ತಿಲ್ಲ. ಸಣ್ಣ ಹುಳುಕಿಗೆ ಫಿಲ್ಲಿಂಗ್ ಸಾಕು. ಮುಂದಿನ ಹಲ್ಲಿಗೆ ರೂಟ್ ಕೆನಾಲ್ ಆಗಿದ್ದರೂ ಹಲ್ಲು ಬಹುಪಾಲು ಗಟ್ಟಿ ಉಳಿದಿದ್ದರೆ ಎಷ್ಟೋ ಸಲ ಬೇಕಾಗುವುದಿಲ್ಲ. ತೇಯ್ದ ಹಲ್ಲು ಮತ್ತೆ ಬೆಳೆಯುವುದಿಲ್ಲ, ಆದ್ದರಿಂದ ಯಾಕೆ ಬೇಕು ಅಂತ ಡಾಕ್ಟರನ್ನು ಕೇಳಲೇಬೇಕು. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ತಮ್ಮನ ಜೋಕೇ ಗೆದ್ದಿತು.

ನಿಮ್ಮ ಪುಟದಲ್ಲಿ "ಒಮ್ಮೆ ಹಾಕಿಸಿದರೆ ಚಿಂತೆಯಿಲ್ಲ" ಅಂತಲೂ ಇತ್ತು. ಚಿಂತೆ ಇದೆ ಸ್ವಾಮಿ. ಕ್ಯಾಪ್ ಹುಳುಕಾಗುವುದಿಲ್ಲ, ನಿಜ. ಆದರೆ ಅದು ಮುಗಿದು ಹಲ್ಲು ಶುರುವಾಗುವ ಅಂಚು ಹುಳುಕಾಗುತ್ತದೆ. ನರ ಇಲ್ಲದ ಹಲ್ಲು ಹುಳುಕಿಗೆ ನೋಯುವುದಿಲ್ಲ, ಹಾಗಾಗಿ ಒಳಗೇ ಕೊಳೆಯುತ್ತಾ ಹೋದರೂ ಸುಳಿವು ಸಿಗುವುದಿಲ್ಲ. ನಾನು ದಿನಾ ರಾತ್ರಿ ಸಂದಿನ ಪುಟ್ಟ ಬ್ರಷ್ಷಿನಿಂದ ಆ ಅಂಚು ಉಜ್ಜುತ್ತೇನೆ. ಮೆಷಿನ್ನಿಗೆ ಎಣ್ಣೆ ಬಿಟ್ಟ ಹಾಗೆ, ಅಭ್ಯಾಸವಾಗಿದೆ. ನಿದ್ದೆಯಲ್ಲಿ ಹಲ್ಲು ಕಡಿಯುವವರು ಅದನ್ನೂ ಮೊದಲೇ ಡಾಕ್ಟರಿಗೆ ಹೇಳಬೇಕು.

ರೂಟ್ ಕೆನಾಲ್ ಮುಗಿಸಿದವರ ಕೈಗೆ ಒಂದು ಚೀಟಿ ಕೊಡಲಿ ಅನ್ನುವುದು ನನ್ನ ಕೋರಿಕೆ. ಕ್ಯಾಪ್ ಬೇಕೋ ಬೇಡವೋ, ಯಾಕೆ, ಎಷ್ಟು ವಾರದೊಳಗೆ, ಇಷ್ಟು ಬರೆದರೆ ಸಾಕು. ನಿಮ್ಮ ಪುರವಣಿಯಲ್ಲಿ ಇದನ್ನು ಯಾರಾದರೂ ಹಲ್ಲಿನ ಡಾಕ್ಟರಿಂದ ಬರೆಸಿ.

ಎಡಗಡೆಯ ಜಾಗ ಇನ್ನೂ ಖಾಲಿ ಇದೆ. ಹಿಂದಿನ ಹಲ್ಲು ಆ ಕಡೆಗೆ ವಾಲುತ್ತಿದೆ, ಮೇಲಿನ ಹಲ್ಲು ಕೆಳಗೆ ಇಳಿಯುತ್ತಿದೆ ಅಂತ ಎಕ್ಸ್‌ರೇ ತೋರಿಸಿ ಹೇಳಿದರು. ಮುಂದಿನ ತಿಂಗಳು ಅದಕ್ಕೆ ಏನು ಮಾಡುವುದು ಅಂತ ನೋಡಬೇಕು. ತಮ್ಮನಿಗೂ ಹೋದ ವಾರ ರೂಟ್ ಕೆನಾಲ್ ಆಗಿದೆ. ನೋವು ಹೋಗಿದೆಯಂತೆ. ಈ ಪತ್ರ ಅಚ್ಚಾದರೆ ಕತ್ತರಿಸಿ ಅವನಿಗೆ ಕೊಡುತ್ತೇನೆ.

ಇಂತಿ ನಿಮ್ಮ ಓದುಗ,
ಒಬ್ಬ ನಿವೃತ್ತ ಟರ್ನರ್