ಹಳೆಯ ಕಾರಿನ ಮಾರಾಟ ಪತ್ರದಲ್ಲಿ ಟೈರಿನ ವಯಸ್ಸೂ ನಮೂದಾಗಲಿ

ಮಾನ್ಯ ಸಂಪಾದಕರೇ,

ಎರಡೇ ಆಸನಗಳ, ಮೇಲ್ಛಾವಣಿ ಮಡಚಿಕೊಳ್ಳುವ ಸ್ಪೋರ್ಟ್ಸ್ ಕಾರೊಂದು ಮನೆಯಲ್ಲಿರಬೇಕೆಂಬುದು ನನ್ನ ಬಹುಕಾಲದ ಆಸೆಯಾಗಿತ್ತು. ನಗರದ ಹಳೆಯ ಕಾರುಗಳ ಮಳಿಗೆಯೊಂದರಲ್ಲಿ, ವಿದೇಶದಲ್ಲೇ ಪೂರ್ಣವಾಗಿ ತಯಾರಾಗಿ ಬಂದ 2011ರ ಮಾದರಿಯ ಅಂಥದೊಂದು ಕಾರು ಕಳೆದ ವರ್ಷ 17 ಲಕ್ಷ ರೂಪಾಯಿಗೆ ಸಿಕ್ಕಿತು. ಅದು ಓಡಿದ್ದು 34,000 ಕಿಲೊಮೀಟರ್ ಮಾತ್ರ, ಬಣ್ಣ ಮಾಸಿರಲಿಲ್ಲ, ಟೈರುಗಳಲ್ಲಿ, ಮೆಕ್ಯಾನಿಕ್‌ಗಳು ಹೇಳುವಂತೆ, ‘ಬಟನ್’ (ನೆಲಕ್ಕೆ ತಾಗುವ ಮೈಮೇಲಿನ ಗೀರುಗಳ ಆಳ) ಚೆನ್ನಾಗಿಯೇ ಇತ್ತು. ಕೊಂಡ ಐದನೆಯ ವಾರ ಬಳ್ಳಾರಿ ರಸ್ತೆಯಲ್ಲಿ ಹೆಬ್ಬಾಳ ದಾಟಿ ವಿಮಾನ ನಿಲ್ದಾಣದ ಕಡೆಗೆ ಹೋಗುತ್ತಿದ್ದಾಗ ಹಿಂಬದಿಯ ಎಡ ಟೈರು ಸಿಡಿಯಿತು. ಪಕ್ಕದಲ್ಲಿ ಮಗಳು ಕುಳಿತಿದ್ದಳು. ಎಡಗಡೆಯ ಸಾಲಿನಲ್ಲೇ ನಿಧಾನವಾಗಿ ಹೋಗುತ್ತಿದ್ದುದರಿಂದ ಇಬ್ಬರಿಗೂ ಏನೂ ಆಗಲಿಲ್ಲ. ಆ ಬಳಿಕ ನಾನು ತಿಳಿದುಕೊಂಡ ಸಂಗತಿಗಳು ಕಾರು ಕೊಳ್ಳುವ ಮೊದಲೇ ತಿಳಿದಿರಬೇಕಾಗಿದ್ದವು. ಇತರರಿಗಾದರೂ ಉಪಯೋಗವಾಗಲೆಂದು ಈ ಪತ್ರ ಬರೆಯುತ್ತಿದ್ದೇನೆ.

ಪ್ರತಿಯೊಂದು ಟೈರಿನ ಪಕ್ಕದ ಗೋಡೆಯ ಮೇಲೆ ನಾಲ್ಕು ಅಂಕಿಗಳನ್ನು ಅಚ್ಚು ಹಾಕಿರುತ್ತಾರೆ. ಮೊದಲೆರಡು ಅಂಕಿಗಳು ತಯಾರಾದ ವಾರವನ್ನೂ ಕೊನೆಯ ಎರಡು ವರ್ಷವನ್ನೂ ಸೂಚಿಸುತ್ತವೆ. ಇವು ಹಲವು ವೇಳೆ ಒಂದೇ ಬದಿಯಲ್ಲಿರುತ್ತವೆ. ನನ್ನ ಕಾರಿನಲ್ಲಿ ಆ ಬದಿ ಒಳಮುಖವಾಗಿತ್ತಾದ್ದರಿಂದ, ಟಾರ್ಚ್ ಹಿಡಿದು ಕಾರಿನಡಿಗೆ ಬಗ್ಗಿ ನೋಡದ ಹೊರತು ಕಾಣುವಂತಿರಲಿಲ್ಲ. ಸಿಡಿದ ಟೈರಿನ ಮೇಲಿದ್ದುದು 3512, ಅಂದರೆ 2012ರ 35ನೆಯ ವಾರ. ಅದರ ಬಟನ್ ಆಗಲೂ 6 ಮಿಲಿಮೀಟರ್ ಆಳವಿತ್ತು. 1.6 ಮಿಲಿಮೀಟರಿಗೆ ಸವೆದಾಗ ಟೈರು ಬದಲಿಸಬೇಕೆಂಬುದು ನಿಯಮವಾದ್ದರಿಂದ, ಆಳವನ್ನಷ್ಟೇ ಅಳೆದವರಿಗೆ ಅದು ಒಳ್ಳೆಯ ಟೈರೇ. ಆದರೆ ರಬ್ಬರು ಓಡಿ ಸವೆಯುವಂತೆಯೇ ನಿಂತೂ ಕೆಡುತ್ತದೆ. ಬಿಸಿಲು, ಆಮ್ಲಜನಕ, ಗಾಳಿಯಲ್ಲಿನ ಓಜೋನ್ ಇವುಗಳಿಂದ ಅದು ಗಡುಸಾಗಿ ಕೂದಲೆಳೆಯಂಥ ಬಿರುಕುಗಳು ಮೂಡುತ್ತವೆ, ಒಳಗಿನ ಪದರಗಳ ಹಿಡಿತ ಸಡಿಲವಾಗುತ್ತದೆ. ಆರು ವರ್ಷಕ್ಕೇ ಟೈರು ಬದಲಿಸಲು ಹೇಳುವ ಕಾರು ತಯಾರಕರಿದ್ದಾರೆ. ಹತ್ತು ವರ್ಷ ಮೀರಿದ ಟೈರನ್ನು ಬಟನ್ ಎಷ್ಟೇ ಇದ್ದರೂ ಬಳಸಬಾರದೆಂದು ಟೈರು ತಯಾರಕರೇ ಹೇಳುತ್ತಾರೆ. ಹದಿನಾಲ್ಕು ವರ್ಷದಲ್ಲಿ 34,000 ಕಿಲೊಮೀಟರ್ ಎಂದರೆ ಕಾರು ತನ್ನ ಆಯುಷ್ಯದ ಬಹುಪಾಲನ್ನು ಒಂದೇ ಜಾಗದಲ್ಲಿ ನಿಂತು ಕಳೆದಿದೆ ಎಂದರ್ಥ. ಯಾವ ಅಂಕಿಯನ್ನು ಮುಂದಿಟ್ಟು ನನಗೆ ಕಾರನ್ನು ಮಾರಲಾಯಿತೋ ಅದೇ ಅಂಕಿ ನನ್ನನ್ನು ಎಚ್ಚರಿಸಬೇಕಾಗಿತ್ತು.

ಇದಕ್ಕಿಂತ ಹೆಚ್ಚು ನೋವುಂಟುಮಾಡಿದ ಸಂಗತಿ ಇನ್ನೊಂದಿದೆ. ಈ ಮಾದರಿಯ ಕಾರು ಕಾರ್ಖಾನೆಯಿಂದ ಬರುವಾಗ ‘ರನ್‌ಫ್ಲ್ಯಾಟ್’ ಟೈರುಗಳಿರುತ್ತವೆ. ಗಾಳಿ ಹೋದ ಮೇಲೂ ಗಂಟೆಗೆ 80 ಕಿಲೊಮೀಟರ್ ಮೀರದಂತೆ ಸುಮಾರು 80 ಕಿಲೊಮೀಟರ್ ದೂರ ಸಾಗಬಹುದಾದಷ್ಟು ಗಟ್ಟಿಯಾದ ಗೋಡೆ ಅವುಗಳದ್ದು. ಆ ಭರವಸೆಯ ಮೇಲೆಯೇ ಕಾರಿನಲ್ಲಿ ಸ್ಟೆಪ್ನಿಗೆ ಜಾಗ ಕೊಟ್ಟಿಲ್ಲ, ಜಾಕ್ ಕೂಡ ಇಲ್ಲ. ಹಿಂದಿನ ಮಾಲೀಕರು ಖರ್ಚು ಉಳಿಸಲೆಂದೋ ಏನೋ ನಾಲ್ಕಕ್ಕೂ ಸಾಮಾನ್ಯ ಟೈರು ಹಾಕಿಸಿದ್ದರು, ಮುಂದಿನ ಜೋಡಿ ಒಂದು ಕಂಪನಿಯದು, ಹಿಂದಿನದು ಮತ್ತೊಂದರದು. ಹೀಗಾಗಿ ನಾವು ರನ್‌ಫ್ಲ್ಯಾಟೂ ಇಲ್ಲದ, ಸ್ಟೆಪ್ನಿಯೂ ಇಲ್ಲದ ಕಾರಿನಲ್ಲಿ ಹೆದ್ದಾರಿಗೆ ಇಳಿದಿದ್ದೆವು. ಮಳಿಗೆಯವರಿಗೆ ಇದು ತಿಳಿದಿರಲಿಲ್ಲವೆಂದರೆ ನಂಬುವುದು ಕಷ್ಟ.

ಹೊಸ ಟೈರು ಹುಡುಕುವುದೂ ಸುಲಭವಾಗಲಿಲ್ಲ. ಮುಂದಿನದು 225/40, ಹಿಂದಿನದು 255/35 (ಮೊದಲ ಅಂಕಿ ಮಿಲಿಮೀಟರಿನಲ್ಲಿ ಟೈರಿನ ಅಗಲ, ಎರಡನೆಯದು ಗೋಡೆಯ ಎತ್ತರ ಆ ಅಗಲದ ಶೇಕಡಾ ಎಷ್ಟೆಂಬುದು), ಎರಡೂ 18 ಇಂಚಿನ ರಿಮ್‌ಗೆ ಹೊಂದುವಂಥವು. ಅಳತೆ ಬೇರೆಯಾದ್ದರಿಂದ ಮುಂದಿನದನ್ನು ಹಿಂದಕ್ಕೆ ಹಾಕಿ ಸವೆತ ಸಮನಾಗಿಸುವ ಹಾಗಿಲ್ಲ. ಜೆ.ಸಿ. ರಸ್ತೆಯಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆದರೂ ಹಿಂದಿನ ಅಳತೆಯ ರನ್‌ಫ್ಲ್ಯಾಟ್ ಸಿಗಲಿಲ್ಲ. ಟೈರುಗಳ ಆಮದನ್ನು ಕೇಂದ್ರ ಸರ್ಕಾರ 2020ರ ಜೂನ್‌ನಲ್ಲಿ ನಿರ್ಬಂಧಿತ ಪಟ್ಟಿಗೆ ಸೇರಿಸಿದ ಮೇಲೆ ಇಂಥ ಅಪರೂಪದ ಅಳತೆಗಳು ಬೇಕೆಂದಾಗ ದೊರೆಯುವುದಿಲ್ಲವೆಂದು ಅಂಗಡಿಯವರು ಹೇಳಿದರು. ಮೂರು ವಾರ ಕಾದು, ನಾಲ್ಕಕ್ಕೂ ಸೇರಿ 1,26,000 ರೂಪಾಯಿ ತೆತ್ತೆ. ಚಕ್ರ ಬಿಚ್ಚಿದಾಗ ಎರಡು ಅಲಾಯ್ ರಿಮ್‌ಗಳು ಬಾಗಿದ್ದುದು ಕಂಡಿತು. 255/35 ಟೈರಿನ ಗೋಡೆಯ ಎತ್ತರ ಒಂಬತ್ತು ಸೆಂಟಿಮೀಟರಿಗಿಂತ ಕಡಿಮೆ. ನಮ್ಮ ರಸ್ತೆಗುಂಡಿಗಳ ಪೆಟ್ಟು ನೇರವಾಗಿ ರಿಮ್‌ಗೇ ಬೀಳುತ್ತದೆ. ಹಿಂಬದಿ ಟೈರುಗಳ ಒಳ ಅಂಚು ಮಾತ್ರ ಸವೆದಿತ್ತು. ಅದಕ್ಕೆ ಕಾರಣ ಹುಡುಕಿದಾಗ ಸಸ್ಪೆನ್ಷನ್ ಬುಷ್‌ಗಳು (ಚಕ್ರವನ್ನು ಕಾರಿಗೆ ಜೋಡಿಸುವ ಕೀಲುಗಳಲ್ಲಿನ ರಬ್ಬರು ತುಂಡುಗಳು) ಹೋಗಿದ್ದವು. ಅವನ್ನು ಬದಲಿಸಿ ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಪಡಿಸುವ ಕೆಲಸ) ಮಾಡಿಸದಿದ್ದರೆ ಹೊಸ ಟೈರೂ ಹಾಗೆಯೇ ಸವೆಯುತ್ತಿತ್ತು. ರಿಮ್ ಮತ್ತು ಬುಷ್‌ಗೆ ಮತ್ತೆ 90,000 ರೂಪಾಯಿ.

ವಿಮೆಯಿಂದ ಬಿಡಿಗಾಸೂ ಬರಲಿಲ್ಲ. ಸಾಮಾನ್ಯ ಪಾಲಿಸಿಯಲ್ಲಿ ಕಾರಿಗೆ ಹಾನಿಯಾಗದೆ ಟೈರಿಗೆ ಮಾತ್ರ ಹಾನಿಯಾದರೆ ಪರಿಹಾರವಿಲ್ಲ. ಎರಡೂ ಒಟ್ಟಿಗೆ ಹಾಳಾದರೂ ಟೈರಿನ ಬೆಲೆಯ ಅರ್ಧದಷ್ಟೇ ಸಿಗುತ್ತದೆ. ಇನ್ನು ಹದಿನೈದು ವರ್ಷ ತುಂಬಿದಾಗ ಆರ್.ಸಿ. ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಜಾರಿಗೆ ಬಂದ ದರದಂತೆ ಇಲ್ಲಿ ತಯಾರಾದ ಕಾರಿಗೆ ಅದರ ಶುಲ್ಕ 5,000 ರೂಪಾಯಿಯಾದರೆ ಆಮದಾದ ಕಾರಿಗೆ 40,000 ರೂಪಾಯಿ. ಇದನ್ನೂ ಕೊಳ್ಳುವಾಗ ಯಾರೂ ಹೇಳಲಿಲ್ಲ.

ಹಳೆಯ ವಾಹನಗಳ ವ್ಯಾಪಾರಿಗಳು ನೋಂದಣಿ ಪ್ರಾಧಿಕಾರದಿಂದ ಅಧಿಕಾರ ಪತ್ರ ಪಡೆಯಬೇಕೆಂಬ ನಿಯಮ 2023ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ವಾಹನ ತಮ್ಮ ವಶಕ್ಕೆ ಬಂದುದನ್ನು ಅವರು ಇಲಾಖೆಗೆ ತಿಳಿಸಲೂಬೇಕು. ಇಷ್ಟೆಲ್ಲ ದಾಖಲೆ ಇಡುವ ವ್ಯಾಪಾರಿಯು ಗ್ರಾಹಕನಿಗೆ ಕೊಡುವ ಮಾರಾಟ ಪತ್ರದಲ್ಲಿ ನಾಲ್ಕೂ ಟೈರುಗಳ ತಯಾರಿಕೆಯ ವಾರ ಮತ್ತು ವರ್ಷ, ಅವು ಕಾರ್ಖಾನೆ ಸೂಚಿಸಿದ ಬಗೆಯವೇ ಅಲ್ಲವೇ ಎಂಬುದು, ಸ್ಟೆಪ್ನಿ ಇದೆಯೇ ಇಲ್ಲವೇ ಎಂಬುದು ಇವಿಷ್ಟನ್ನು ಬರೆದು ಸಹಿ ಹಾಕಲು ಹತ್ತು ನಿಮಿಷವೂ ಬೇಡ. ಇದನ್ನು ಕಡ್ಡಾಯಗೊಳಿಸುವಂತೆ ರಾಜ್ಯ ಸಾರಿಗೆ ಇಲಾಖೆಯು ಕೇಂದ್ರಕ್ಕೆ ಶಿಫಾರಸು ಮಾಡಬೇಕು, ಅಲ್ಲಿಯವರೆಗೆ ಬೆಂಗಳೂರಿನ ವ್ಯಾಪಾರಿಗಳು ತಾವಾಗಿಯೇ ಇದನ್ನು ಪಾಲಿಸಬೇಕು ಎಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ. ನನ್ನ ಕಾರಿನಿಂದ ಇಳಿಸಿದ ಉಳಿದ ಮೂರು ಟೈರುಗಳು ಅಂಕಿ ಕಾಣುವಂತೆ ಮನೆಯಲ್ಲೇ ಇವೆ. ಇಲಾಖೆಯವರು ನೋಡಬಯಸಿದರೆ ತಂದು ತೋರಿಸಲು ಸಿದ್ಧನಿದ್ದೇನೆ.

ಇಂತಿ,
ತಮ್ಮ ಓದುಗ
ಬಸವನಗುಡಿ, ಬೆಂಗಳೂರು